ಬೀರುವಿನ ಬಾಗಿಲಲ್ಲಿ ಎಡ-ಬಲ

ಅತ್ತೆ,

ಊಟ ಮೇಜಿನ ಮೇಲಿದೆ, ಬಿಸಿ ಮಾಡಿಕೊಳ್ಳಿ. ಫ್ರಿಜ್ಜಿಗೆ ಅಂಟಿಸಿರೋ ನಿಮ್ಮ ಡಾನ್ಸ್ ಕ್ಲಾಸಿನ ಸ್ಪ್ಯಾನಿಷ್ ಪದಗಳ ಚೀಟಿಗಳನ್ನ ಕೀಳಬೇಡಿ ಅಂತ ನಿಮ್ಮ ಮಗನಿಗೆ ಗದರಿದ್ದೀನಿ. ಅರವತ್ತೆರಡನೇ ವಯಸ್ಸಲ್ಲಿ, ಹೊಲಿಗೆ ಮಷೀನು ತುಳಿಯುತ್ತಲೇ ಮೂವತ್ತು ಸ್ಪ್ಯಾನಿಷ್ ಪದ ಬಾಯಿಪಾಠ ಮಾಡಿದಿರಿ. ನನಗೆ ಬೀಗದ ಕೈ ಎಲ್ಲಿಟ್ಟೆ ಅನ್ನೋದೇ ನೆನಪಿರಲ್ಲ.

ಬೀರುವಿನ ಹತ್ತಿರ ಮಾತ್ರ ಎಡವಟ್ಟಾಗಿದೆ. ಬಲಕ್ಕೆ ಹೇಳೋ ‘ದೆರೆಚಾ’ ಎಡಬಾಗಿಲ ಮೇಲಿದೆ, ಎಡಕ್ಕೆ ಹೇಳೋ ‘ಇಸ್ಕಿಯೆರ್ದಾ’ ಬಲಬಾಗಿಲ ಮೇಲಿದೆ. ಡಾನ್ಸ್ ಮೇಷ್ಟ್ರು ನಿಮ್ಮ ಎದುರಿಗೆ ನಿಂತು ಕೈ ತೋರಿಸ್ತಾರಲ್ಲ, ಅವರ ಬಲ ನಿಮಗೆ ಎಡಕ್ಕೆ ಕಾಣುತ್ತೆ, ಅದಕ್ಕೇ. ಕಷ್ಟಪಟ್ಟು ಬರೆದಿದ್ದೀರಿ, ನಾನು ಮುಟ್ಟಿಲ್ಲ. ನೀವೇ ಅದಲುಬದಲು ಮಾಡಿ.

ಮರೀಬೇಡಿ. ಸಂಜೆ ಕ್ಲಾಸಲ್ಲಿ ಹೊಸಬರಿಗೆ ಹೆಜ್ಜೆ ಕೂಗಿ ಹೇಳೋರು ನೀವು. ಆ ಹೊಸಬರ ಸಾಲಿನ ಕೊನೆಯಲ್ಲಿ, ಕ್ಲಿನಿಕ್ಕಿನ ಕೆಲಸ ಮುಗಿಸಿ ನೇರ ಬಂದು, ನಿಮ್ಮ ಮಾತು ನಂಬಿಕೊಂಡು ನಾನೂ ನಿಂತಿರ್ತೀನಿ.