ಕೆಮ್ಮದ ಗಂಟಲು

ಮಾರ್ಚ್ ೯, ಸೋಮವಾರ

ನನ್ನ ಮಾತಿನಮಲ್ಲಿಗೆ,

ಅಮ್ಮನ ಆಶೀರ್ವಾದ. ನೀನು ಹೊರಟಾಗಿನಿಂದ ಬರೆಯುತ್ತೇನೆ ಬರೆಯುತ್ತೇನೆ ಅಂದುಕೊಂಡೇ ಹತ್ತು ದಿನ ಕಳೆದೆ, ಬೈಯಬೇಡ. ಫೋನಿನಲ್ಲಿ ಹೇಳಹೊರಟರೆ ನನಗೆ ಅಳು ಬರುತ್ತದೆ. ನೀನೂ ಪೂರ್ತಿ ಕೇಳುವವಳಲ್ಲ.

ವಾಕ್ ಚಿಕಿತ್ಸೆಯ ಎಂ.ಎಸ್ಸಿ.ಗೆ ಹದಿನೆಂಟೇ ಸೀಟು, ಐನೂರು ಅರ್ಜಿ. ಅದರಲ್ಲಿ ಸಂದರ್ಶನಕ್ಕೆ ಕರೆ ಬರುವುದೆಂದರೆ ಸುಮ್ಮನೆಯೇ! ನಿನ್ನ ಚಿಕ್ಕಪ್ಪನಂತೂ, "ನಮ್ಮನೇಲಿ ಎಲ್ಲರದ್ದೂ ಬಾಯಿ ಜೋರು, ಒಬ್ಬಳಿಗಾದ್ರೂ ಅದಕ್ಕೊಂದು ಸರ್ಟಿಫಿಕೇಟು ಸಿಗ್ಲಿ" ಎಂದು ಬೀದಿಗೆಲ್ಲ ಸಾರಿದ್ದಾನೆ. ಅರ್ಜಿಯ ಜೊತೆ ನೀನು ಬರೆದದ್ದನ್ನು ನಾನು ಮೂರು ಸಲ ಓದಿದೆ. ಪಾರ್ಶ್ವವಾಯು ಬಡಿದ ಅಪ್ಪನಿಗೆ ನುಂಗುವುದನ್ನು ನೀನೇ ಕಲಿಸಿದ್ದು, ಗಂಟಲಲ್ಲಿ ಜಾರದಿರಲೆಂದು ಪುಡಿ ಬೆರೆಸಿ ಮಂದ ಮಾಡಿದ ನೀರು ಬಿಡಿಸಿ ಬರಿ ನೀರು ಕುಡಿಸಿದ್ದು, ಅವರು ಒಮ್ಮೆಯೂ ಕೆಮ್ಮದೆ ಲೋಟ ಖಾಲಿ ಮಾಡಿದ ಆ ವಿಡಿಯೋ. ಹೆಮ್ಮೆಯಾಗಿತ್ತು ಕಣೇ.

ನೀನು ಸಂದರ್ಶನಕ್ಕೆಂದು ಹೊರಟ ಮೇಲೂ ಬರಿ ನೀರನ್ನೇ ಕೊಟ್ಟೆ. ನಾಲ್ಕನೆಯ ಸಂಜೆ ಅವರ ಮೈ ಬಿಸಿಯಾಯಿತು. ಮರುದಿನ ಸಂಜೆಯೂ. ಉಸಿರಿನಲ್ಲಿ ಗೊರಗೊರ ಸದ್ದು. ಕೆಮ್ಮಿಲ್ಲವಲ್ಲ, ದೊಡ್ಡದೇನೂ ಇರಲಿಕ್ಕಿಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಶನಿವಾರ, ಅಪ್ಪನ ಮಾತು, ನುಂಗುವಿಕೆ ನೋಡಿಕೊಳ್ಳುವ ಗಂಟಲಕ್ಕ ಬಂದರು. ನೀನೇ ಆ ಹೆಸರಿಟ್ಟೆ, ಈಗ ವಾಕ್ ಚಿಕಿತ್ಸಕಿ ಎಂದು ಕರೆಯಲು ನನಗೂ ಬಾಯಿ ಬರುವುದಿಲ್ಲ. ನಾನು ದೊಡ್ಡಸ್ತಿಕೆಯಿಂದ ವಿಡಿಯೋ ತೋರಿಸಿದೆ. ಅವರು ನಗಲಿಲ್ಲ. ಇನ್ನೊಮ್ಮೆ ಹಾಕಿಸಿ ನೋಡಿದರು.

"ಕೆಮ್ಮಲಿಲ್ಲ ಅಂತ ಖುಷಿಪಟ್ರಾ? ನೀರು ಶ್ವಾಸಕೋಶಕ್ಕೆ ಇಳೀತಿದ್ರೂ ಇವರ ಗಂಟಲಿಗೆ ಗೊತ್ತಾಗ್ತಿಲ್ಲಮ್ಮ. ಕೆಮ್ಮಿದ್ರೇನೇ ಒಳ್ಳೇದಿತ್ತು."

ಆವತ್ತೇ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಗೆ ಹಾಕಿದ್ದಾರೆ. "ಎರಡೂ ಕಡೆ ಸೋಂಕು ಹರಡಿದೆ, ಇನ್ನೆರಡು ದಿನ ನೋಡೋಣ" ಎಂದ ಡಾಕ್ಟರು ನನ್ನ ಮುಖ ನೋಡಲಿಲ್ಲ. ಅಪ್ಪ ಎಡಗೈಯಲ್ಲಿ ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ, "ಅವಳಿಗೆ ಹೇಳಬೇಡ, ಸಂದರ್ಶನ ಮುಗೀಲಿ" ಎಂದು ಬರೆದರು. ಆದರೂ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಗುರುವಾರ ಸಂದರ್ಶಕರೆದುರು ಕೂರುವ ಮೊದಲು ನಿನಗೆ ಗೊತ್ತಿರಬೇಕು.

ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ನಿನ್ನ ಕೈಯಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: "ಕೆಮ್ಮದಿದ್ರೂ ಅಪಾಯ ಅಂತ ನಮಗ್ಯಾರು ಹೇಳಿದ್ರು?" ಎಂದು ಗಂಟಲಕ್ಕನ ಮೇಲೆ ರೇಗಿದೆ. ಅವರು ಫೈಲು ತೆಗೆದರು. ನೀನು ಅಪ್ಪನನ್ನು ಕರೆದೊಯ್ದು ಮಾಡಿಸಿದ, ನುಂಗುವಾಗಿನ ಎಕ್ಸ್‌ರೇ ಪರೀಕ್ಷೆಯ ವರದಿ. "ಕೆಮ್ಮಿಲ್ಲದೆಯೇ ನೀರು ಶ್ವಾಸಕೋಶಕ್ಕೆ ಇಳಿಯುತ್ತಿದೆ, ಬರಿ ನೀರು ಕೊಡಕೂಡದು." ಕೆಳಗೆ, "ಓದಿ ತಿಳಿದಿದ್ದೇನೆ" ಎಂಬಲ್ಲಿ ನಿನ್ನ ಸಹಿ. ವಿಡಿಯೋ ತೆಗೆದದ್ದು ಅದರ ಮಾರನೆಯ ದಿನ. ನಿನಗೆ ಶಿಫಾರಸು ಪತ್ರ ಕೊಟ್ಟವರೂ ಗಂಟಲಕ್ಕನೇ. ವಾಪಸು ತೆಗೆದುಕೊಳ್ಳುತ್ತಾರೋ ಏನೋ, ಕೇಳುವ ಧೈರ್ಯ ಬರಲಿಲ್ಲ. ಈ ಸಹಿಯ ವಿಷಯ ಅಪ್ಪನಿಗೆ ಹೇಳಿಲ್ಲ. ಓದದೆ ಸಹಿ ಹಾಕಿದೆ ಎಂದು ಒಂದು ಮಾತು ಹೇಳಿಬಿಡು ಮಗಳೇ, ನಾನು ನಂಬುತ್ತೇನೆ.