ಭಾನುವಾರ ದಾಟಿದ ಅರ್ಜಿ

ನುಕುಅಲೋಫಾ

ಪ್ರೀತಿಯ ಮಗಳು ಲೆಸಿಯೆಲಿಗೆ ಅಪ್ಪನ ಆಶೀರ್ವಾದಗಳು.

ಮೊದಲು ಒಂದು ತಿದ್ದುಪಡಿ. ‘ನಿನ್ನಮ್ಮನ ಅರ್ಜಿಯಂತೆ ಪಕ್ಕದ ಮನೆಯ ಸೆಯಿನಿಯ ಅರ್ಜಿಯನ್ನೂ ಆರೋಗ್ಯ ಕಚೇರಿಗೆ ನೀನು ರೂಪಿಸಿಕೊಟ್ಟ ಗಣಕಯಂತ್ರ ನುಂಗಿತು’ ಎಂದು ಹೋದ ತಿಂಗಳ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು. ಸೆಯಿನಿಯ ಅರ್ಜಿ ನಷ್ಟವಾಗಿರಲಿಲ್ಲ. ವಿಚಾರಿಸದೆ ಬರೆದೆ; ತಿಳಿದ ಮೇಲೂ ತಿದ್ದಲು ತಡಮಾಡಿದೆ. ಎರಡನ್ನೂ ಕ್ಷಮಿಸು.

ಹೃದಯದ ಶಸ್ತ್ರಚಿಕಿತ್ಸೆಗೆ ಸೆಯಿನಿಯನ್ನು ಆಕ್ಲೆಂಡಿಗೆ ಕಳುಹಿಸಬೇಕೆಂದು ವೈದ್ಯರು ಶನಿವಾರ ಸಹಿ ಮಾಡಿದರು. ವಿದೇಶದ ಚಿಕಿತ್ಸೆಗೆ ಕಳುಹಿಸುವ ಸಮಿತಿಯ ಒಪ್ಪಿಗೆ ದೊರೆಯಬೇಕಾದದ್ದು ಸೋಮವಾರ. ದೇವರ ದಿನವಾದ ಭಾನುವಾರ ಯಂತ್ರವೂ ದುಡಿಯಬಾರದೆಂದು ಕಚೇರಿಯ ಕಾವಲುಗಾರ ಎಂದಿನಂತೆ ಶನಿವಾರ ಸಂಜೆಯೇ ಮುಖ್ಯ ಸ್ವಿಚ್ಚನ್ನು ಆರಿಸಿ ಹೋದ. ಸುದ್ದಿ ತಿಳಿದು ಸೆಯಿನಿ, “ಮೇಷ್ಟ್ರೇ, ನನ್ ಹೃದಯಾನೂ ಆರಿಸ್ಬಿಟ್ಟ ನೋಡಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಕಟುವಾದ ಪತ್ರವನ್ನು ಬರೆದದ್ದು ಅಂದೇ.

ಸೋಮವಾರ ನಾನೇ ಅವಳನ್ನು ಕಚೇರಿಗೆ ಕರೆದೊಯ್ದೆ. ನಿನ್ನ ಹಳೆಯ ಸಹೋದ್ಯೋಗಿ ಸೆಮಿಸಿ ಯಂತ್ರವನ್ನು ಚಾಲೂ ಮಾಡಿದ. ಅರ್ಜಿ ನಿಂತಲ್ಲೇ ನಿಂತು, ಸಮಿತಿಯ ಒಪ್ಪಿಗೆಗಾಗಿ ಕಾಯುತ್ತಿತ್ತು! ಹೇಗೆಂದು ಕೇಳಿದೆ.

“ಮೇಷ್ಟ್ರೇ, ನೀವು ಹಾಜರಿ ಪುಸ್ತಕ ಬರ್ದು ಮುಚ್ಚಿಡ್ತಿದ್ರೋ, ಇಲ್ಲ ಸಂಜೆವರೆಗೂ ತೆರ್ಕೊಂಡೇ ಕೂತಿರ್ತಿದ್ರೋ?”

“ಬರ್ದು ಮುಚ್ತಿದ್ದೆ ಕಣಯ್ಯ.”

“ಅಮ್ಮನ ಅರ್ಜಿ ಕಳೆದ್ಮೇಲೆ ನಿಮ್ಮ ಮಗಳು ಮಾಡಿರೋದೂ ಅದೇ. ಮೊದ್ಲು ಡಾಕ್ಟ್ರ ಸಹಿಯಿಂದ ಸಮಿತಿ ಒಪ್ಪೋವರೆಗೂ ಒಂದೇ ಸೆಷನ್, ತೆರೆದಿಟ್ಟ ಪುಸ್ತಕದ ಹಾಗೆ, ತೆರೆದಿರ್ತಿತ್ತು. ಕೊನೇಲಿ ಒಟ್ಟಿಗೆ ಡೇಟಾಬೇಸಿಗೆ ಬರೆಯೋದು. ನಡುವೆ ಕರೆಂಟ್ ಹೋದ್ರೆ ಎಲ್ಲ ನೀರುಪಾಲು. ಈಗ ಯಾರಿಗಾದ್ರೂ ಕಾಯ್ಬೇಕಾದ್ರೆ, ಅಲ್ಲೀವರೆಗಿನದನ್ನ ಬರ್ದು ಸೆಷನ್ ಮುಚ್ಚಿಬಿಡುತ್ತೆ. ಉತ್ತರ ಬಂದ್ಮೇಲೆ ಹೊಸ ಸೆಷನ್, ಬಿಟ್ಟಲ್ಲಿಂದ ಮುಂದಕ್ಕೆ. ಸೆಷನ್ ತೆರೆದೇ ಇಡಿ ಅಂತ ಜಾವಾ ಪ್ರೋಗ್ರಾಮಿಂಗ್ ಪುಸ್ತಕ ಬರೆದೋರಿಗೆ ನಮ್ಮ ಕಾವಲುಗಾರನ ಭಕ್ತಿ ಗೊತ್ತಿರ್ಲಿಲ್ಲ, ಅಷ್ಟೇ!”

ಅಂದೇ ಒಪ್ಪಿಗೆಯಾಯಿತು. ಶಸ್ತ್ರಚಿಕಿತ್ಸೆ ಮುಗಿದು ಸೆಯಿನಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದಾಡುತ್ತಿದ್ದಾಳಂತೆ. “ಚಾಪೆ ಅರ್ಧ ಹೆಣೆದು ಬಂದಿದೀನಿ, ಯಾರೂ ಮುಟ್ಬೇಡಿ” ಎಂದು ಹೇಳಿಕಳುಹಿಸಿದ್ದಾಳೆ.

ವವಾಉ ದ್ವೀಪದಲ್ಲಿ ನಿನಗೆ ಸಕಲ ಸುಖವಿರಲಿ. ದೇವರು ನಿನ್ನ ಕೈಕೆಲಸವನ್ನು ಕಾಯಲಿ.

ನಿನ್ನ ಅಪ್ಪ,
ಪೆನಿಸಿಮಾನಿ

ಮರೆತ ಮಾತು: ಮರೆತದ್ದಲ್ಲ, ಮೂರು ವರ್ಷ ಮುಚ್ಚಿಟ್ಟದ್ದು. ನಿನ್ನಮ್ಮನ ಅರ್ಜಿ ನಿನ್ನ ಯಂತ್ರವನ್ನು ಸೇರಲೇ ಇಲ್ಲ. ವೈದ್ಯರ ಎರಡನೆಯ ಪತ್ರ ಬರಲಿ, ಅಪೂರ್ಣವಾದದ್ದನ್ನು ಸಲ್ಲಿಸಬಾರದು ಎಂದು ಒಂಬತ್ತು ದಿನ ನನ್ನ ಮೇಜಿನಲ್ಲೇ ಇಟ್ಟುಕೊಂಡೆ. ಹತ್ತನೆಯ ದಿನ ಅವಳಿರಲಿಲ್ಲ. ಕಚೇರಿಯಲ್ಲಿ ಅರ್ಜಿ ಸಿಗದಿದ್ದಾಗ ತಪ್ಪು ನಿನ್ನದೆಂದು ನೀನು ಅತ್ತೆ, ನಾನು ಅಳಲು ಬಿಟ್ಟೆ. ಹೇಳಬೇಕಾದದ್ದು ಇನ್ನೂ ಬಹಳವಿದೆ, ಈ ಪತ್ರವೂ ಅಪೂರ್ಣವೇ. ಆದರೂ ಇಂದಿನ ಹಡಗಿಗೇ ಹಾಕುತ್ತಿದ್ದೇನೆ.

ಗುರುವಾರ, ೧೪ ಆಗಸ್ಟ್ ೨೦೨೫, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ