ನಾಲ್ಕನೇ ಟ್ರಯಲ್

ಫೆಬ್ರವರಿ 5, ಸಂಜೆ

ನಲವತ್ತೊಂದು ಸ್ಯಾಂಪಲ್. ಒಂದು ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಮತ್ತೆ ತೆಗೆಸಿದೆ. ಲ್ಯಾಬಿನಿಂದ ಬಂದು ಇನ್ನೂ ನೀರು ಕುಡಿದಿರಲಿಲ್ಲ, ಮಗಳು ಎದುರಿಗೆ ಬಂದು ನಿಂತಳು. ಇಣಚಿ. ಅಂದರೆ ಅಳಿಲು. ಅತ್ತೆ ಇಟ್ಟ ಅಡ್ಡಹೆಸರು, ವಯಸ್ಸು ಹದಿಮೂರಾದರೂ ಹೋಗಿಲ್ಲ.

“ಅಮ್ಮ, ಎಂಟನೇ ಕ್ಲಾಸಿಂದ ಮನೇಲೇ ಓದ್ತೀನಿ. ಆನ್‌ಲೈನ್ ಸ್ಕೂಲು. ಎಲ್ಲಾ ವಿಚಾರಿಸಿ ಆಗಿದೆ.”

ವಿಚಾರಿಸಿ ಆಗಿದೆಯಂತೆ!

“ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ. ಅಂದಿದ್ರೂ ನಂಗೆ ಕೇಳಿಸ್ಬೇಕಲ್ಲ!”

ಜೋಕು. ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

ನಾಲ್ಕನೇ ವಯಸ್ಸಿಗೆ ಎರಡೂ ಕಿವಿಗೆ ಮಷಿನ್ ಬಂತು. ಬೇರೆ ಶಾಲೆ ಬೇಡ, ಎಲ್ಲರ ಜೊತೆಗೇ ಓದಲಿ ಎಂದು ಹಟ ಹಿಡಿದವಳು ನಾನು. ಮೊದಲ ಬೆಂಚು. ತುಟಿ ನೋಡಿ ಮಾತು ಹಿಡಿಯುವ ಅಭ್ಯಾಸ. “ಕೇಳಿಸಲಿಲ್ಲ ಅಂತ ಎಲ್ಲರೆದುರು ಹೇಳ್ಬೇಡ, ಮನೆಗೆ ಬಂದು ನನ್ನ ಕೇಳು” — ಇದೂ ನಾನೇ ಕಲಿಸಿದ್ದು. ಈಗ ಕ್ಲಾಸಿಗೆ ಮೂರನೆಯವಳು. “ನೋಡಿದ್ರೆ ಗೊತ್ತೇ ಆಗಲ್ಲ ರೀ” ಅನ್ನುತ್ತಾರೆ ಜನ. ಆ ಮಾತು ಕೇಳಿದಾಗಲೆಲ್ಲ ಒಂದು ಅಂಗುಲ ಬೆಳೆದಿದ್ದೇನೆ. ಅದೆಲ್ಲ ಬಿಟ್ಟು ಮನೆಯೊಳಗೆ ಕೂರುವುದಾ? ಸೋತು ಬಂದ ಹಾಗಲ್ಲವಾ?

ಯೋಚಿಸೋಣ ಅಂದೆ. ನಾನು ಯೋಚಿಸೋಣ ಅಂದರೆ ಬೇಡ ಅಂತ. ಅವಳಿಗೂ ಗೊತ್ತು.

ಫೆಬ್ರವರಿ 7

ಇವರು: “ಓದೋಳು ಅವಳು. ನೀನ್ಯಾಕೆ ಪರೀಕ್ಷೆಗೆ ಕೂತವಳ ಥರ ಆಡ್ತಿದ್ದೀಯ?” ಇವರಿಗೆ ಎಲ್ಲವೂ ಸಲೀಸು.

ಅತ್ತೆ: “ಮನೇಲೇ ಇರ್ಲಿ ಬಿಡು, ನಂಗೂ ಮಾತಿಗೆ ಒಂದು ಜನ ಆಯ್ತು.”

ಇಣಚಿ: “ಅಜ್ಜಿ, ನಿಮ್ಮ ಮಾತು ಮುಗಿಯೋದ್ರೊಳಗೆ ನಾನು ಎಂಟನೇ ಕ್ಲಾಸಲ್ಲೇ ಮುದುಕಿ ಆಗ್ತೀನಿ.”

ಅಜ್ಜಿ ಮೊಮ್ಮಗಳು ಇಬ್ಬರೂ ನಕ್ಕದ್ದೇ ನಕ್ಕದ್ದು. ನನ್ನ ಪಕ್ಷದಲ್ಲಿ ನಾನೊಬ್ಬಳೇ.

ಕಡೆಗೆ ಒಪ್ಪಂದ. ಶನಿವಾರ ಒಂದು ಟ್ರಯಲ್ ಕ್ಲಾಸು. ನೋಡಿ, ಆಮೇಲೆ ಮಾತು.

ಫೆಬ್ರವರಿ 10, ಶನಿವಾರ

ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಕೂತೆ. ವಿಜ್ಞಾನ. ಪರದೆಯ ತುಂಬ ಮೇಷ್ಟರ ಮುಖ, ಕೆಳಗೆ ಅವರು ಆಡಿದ್ದೆಲ್ಲ ಅಕ್ಷರದಲ್ಲಿ. ನಡುವೆ ಅವರ ಬೆಕ್ಕು ಕೀಬೋರ್ಡಿನ ಮೇಲೆ ಬಂದು ಕೂತಿತು. “ಇದು ಮೂರು ವರ್ಷದಿಂದ ಇದೇ ಕ್ಲಾಸಲ್ಲಿದೆ, ಇನ್ನೂ ಪಾಸಾಗಿಲ್ಲ” ಅಂದರು. ಮಕ್ಕಳೆಲ್ಲ ನಕ್ಕರು. ಇಣಚಿಯೂ.

ಎಲ್ಲರ ಜೊತೆಗೆ. ಅದೇ ಕ್ಷಣಕ್ಕೆ.

ಏನು ಹೊಸದು ಅಂತ ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಯಾವಾಗಲೂ ಅವಳು ಮೊದಲು ಬೇರೆಯವರ ಮುಖ ನೋಡುತ್ತಾಳೆ, ಆಮೇಲೆ ನಗುತ್ತಾಳೆ. “ನಮ್ಮವಳು ಸ್ವಲ್ಪ ಗಂಭೀರ” ಅಂತ ಎಷ್ಟು ಜನಕ್ಕೆ ಹೇಳಿದ್ದೇನೆ!

ಖುಷಿಪಡಬೇಕಿತ್ತು. ನಾನು ಅಂದದ್ದು: “ಒಂದೇ ಕ್ಲಾಸು ನೋಡಿ ಹೇಳೋಕಾಗಲ್ಲ. ಇನ್ನೊಂದು ನೋಡೋಣ.”

ಫೆಬ್ರವರಿ 17

ಎರಡನೆಯದು. ಗಣಿತ. ಚೆನ್ನಾಗಿತ್ತು. “ಈ ಮೇಷ್ಟರ ದನಿ ಒರಟು” ಅಂದೆ. ತಪ್ಪು ಹುಡುಕಲು ನನಗೆ ಸಿಕ್ಕಿದ್ದು ದನಿ! ಇಣಚಿ ನನ್ನನ್ನೇ ನೋಡಿದಳು.

ಇನ್ನೊಂದು ನೋಡೋಣ ಅಂದೆ.

ಫೆಬ್ರವರಿ 24

ಮೂರನೆಯದು. ಇತಿಹಾಸ. ಇವಳೇ ಮೂರು ಪ್ರಶ್ನೆ ಕೇಳಿದಳು. ನಡುವೆ ಎರಡು ನಿಮಿಷ ನೆಟ್ ಹೋಯಿತು. “ನೋಡಿದ್ಯಾ?” ಅಂದೆ. ನನ್ನ ದನಿಯಲ್ಲಿ ಖುಷಿ ಇತ್ತು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಖುಷಿ ಇತ್ತು.

ಮಾರ್ಚ್ 2

ಅವಳ ಬೆಂಚಿನ ಗೆಳತಿ ಬಂದಿದ್ದಳು. ಜಡೆ ಮೊಣಕಾಲಿಗೆ ಬರುತ್ತದೆ, ಅದಕ್ಕೇ “ಹಗ್ಗ”. ಹಣ್ಣು ಹೆಚ್ಚಿ ಕೊಟ್ಟು ಕೇಳಿದೆ. ಸಾಕ್ಷಿ ಬೇಕಿತ್ತು ನನಗೆ.

“ಕ್ಲಾಸಲ್ಲಿ ಇವಳಿಗೆ ಎಲ್ಲಾ ಗೊತ್ತಾಗುತ್ತಲ್ಲಮ್ಮ?”

“ಎಲ್ಲಿ ಆಂಟಿ! ಮಿಸ್ ಬೋರ್ಡ್ ಕಡೆ ತಿರುಗಿದ ತಕ್ಷಣ ನನ್ನ ಪುಸ್ತಕ ಇವಳ ಕಡೆ ಸರಿಸ್ತೀನಿ. ನಾನು ಬರೆದ ತಪ್ಪನ್ನೆಲ್ಲ ಇವಳೂ ಬರ್ಕೊತಾಳೆ. ಆದ್ರೂ ನಂಗೆ ಮೂವತ್ತೆಂಟು, ಇವಳಿಗೆ ತೊಂಬತ್ತು. ಮೋಸ ಅಲ್ವಾ?”

“ಮನೆಗೆ ಬಂದು ಮೊದಲಿಂದ ಮತ್ತೆ ಓದ್ತೀನಿ ಕಣೇ” ಅಂದಳು ಇಣಚಿ.

ಅಂದರೆ ದಿನಕ್ಕೆ ಎರಡು ಸಲ ಶಾಲೆ. ಎಂಟು ವರ್ಷ. ನಾನು ಅದನ್ನು ಓದಿನ ಆಸಕ್ತಿ ಅಂದುಕೊಂಡಿದ್ದೆ.

“ಹೋಗ್ಲಿ ಬಿಡಿ ಆಂಟಿ, ಇವಳು ಸ್ಕೂಲ್ ಬಿಟ್ರೂ ಭಾನುವಾರ ಪೂರ್ತಿ ನನ್ನ ಜೊತೆ ಅಂತ ಮಾತಾಗಿದೆ” ಅಂದಳು ಹಗ್ಗ. ಕಣ್ಣು ತುಂಬಿತ್ತು. ತಟ್ಟೆ ಮಾತ್ರ ಖಾಲಿ ಮಾಡಿಯೇ ಹೋದಳು.

ಇಷ್ಟಾದ ಮೇಲೂ ನಾನು ಗಡಿಯಾರ ನೋಡಿ, “ಟ್ರಯಲ್‌ಗೆ ಹೊತ್ತಾಯ್ತು, ಬಾ” ಅಂದೆ.

ಇಣಚಿ ಏಳಲಿಲ್ಲ.

“ಅಮ್ಮ, ಲ್ಯಾಬಲ್ಲಿ ಅನುಮಾನ ಬಂದ್ರೆ ಎಷ್ಟು ಸಲ ರಿಪೀಟ್ ಮಾಡ್ತೀಯ?”

“ಒಂದ್ಸಲ.”

“ಎರಡು ಸಲವೂ ಒಂದೇ ಬಂದ್ರೆ?”

“ಸಹಿ ಹಾಕಿ ರಿಪೋರ್ಟ್ ಕೊಡ್ತೀನಿ.”

“ಇದು ನಾಲ್ಕನೇದು.”

ಜೋರು ಮಾಡಲಿಲ್ಲ. ಅಳಲಿಲ್ಲ. ಕಾದಳು, ಅಷ್ಟೇ.

ಬೇಕಾದ ಉತ್ತರ ಬರುವವರೆಗೆ ಮಾಡಿದರೆ ಅದು ಟೆಸ್ಟ್ ಅಲ್ಲ — ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನೇ ಹೇಳುವ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಕೆಲಸದಲ್ಲಿ ತಪ್ಪು ಹಿಡಿದಿಲ್ಲ. ಇವತ್ತು ಮಗಳ ಕೈಗೆ ಸಿಕ್ಕಿಬಿದ್ದೆ. ನಾಚಿಕೆಯಾಗಬೇಕಿತ್ತು… ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚು, ಎದೆ ಉಬ್ಬಿತು. ಎಂಥ ಹುಡುಗಿಯನ್ನು ಬೆಳೆಸಿಬಿಟ್ಟಿದ್ದೇನೆ!

ಮಾರ್ಚ್ 3

ಹೂಂ ಅಂದೆ.

ಮಾರ್ಚ್ 22, ಮಧ್ಯಾಹ್ನ

ಟಿ.ಸಿ. ಕೇಳಲು ಹೋಗಿದ್ದೆವು. ಅರ್ಜಿಯಲ್ಲಿ ಕಾರಣ ಅನ್ನುವ ಕಡೆ “ವೈಯಕ್ತಿಕ” ಅಂತ ಬರೆದಿದ್ದೆ. ಹೆಡ್‌ಮಿಸ್ ಬೀರು ತೆಗೆದು ಫೈಲು ಹುಡುಕುತ್ತ, ನಮಗೆ ಬೆನ್ನು ಹಾಕಿಯೇ ಕೇಳಿದರು: “ಇಲ್ಲಿ ಏನಮ್ಮ ಕೊರತೆ ಆಯ್ತು ನಿಂಗೆ? ಚೆನ್ನಾಗೇ ಓದ್ತಿದ್ಯಲ್ಲ!”

ಅಭ್ಯಾಸಬಲ. ಇಣಚಿಯ ಕಡೆ ತಿರುಗಿ ಅದನ್ನೇ ಮತ್ತೆ ಹೇಳಲು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಒತ್ತಿದಳು.

“ಮಿಸ್, ನೀವು ಆ ಕಡೆ ತಿರುಗಿ ಏನೋ ಕೇಳಿದ್ರಿ. ನಂಗೆ ಕೇಳಿಸಲಿಲ್ಲ. ಎಂಟು ವರ್ಷದಿಂದ ಹೀಗೇ. ನಾನು ಹೇಳಿರಲಿಲ್ಲ. ಹೇಳ್ಬಾರದು ಅನ್ಕೊಂಡಿದ್ದೆ.”

ಹೇಳಬಾರದು ಅಂತ ಕಲಿಸಿದವಳು ಪಕ್ಕದಲ್ಲೇ ಕೂತಿದ್ದೆ. ನನ್ನ ಹೆಸರು ಎತ್ತಲಿಲ್ಲ.

ಹೆಡ್‌ಮಿಸ್ ಫೈಲು ಅಲ್ಲೇ ಬಿಟ್ಟು, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಬಂದು ಕೂತರು. ಇನ್ನೊಮ್ಮೆ ಕೇಳಿದರು. ಅರ್ಧ ಗಂಟೆ ಅವರಿಬ್ಬರೇ ಮಾತಾಡಿದರು. ನನ್ನ ಅಗತ್ಯವೇ ಬೀಳಲಿಲ್ಲ.

ಗೇಟು ದಾಟಿದ ಮೇಲೆ ಕೇಳಿದೆ, “ಯಾಕೆ ನನ್ನ ತಡೆದೆ?”

“ನೀನು ಹೇಳಿದ್ರೆ ನಿಂಗೆ ಉತ್ತರ ಕೊಡ್ತಾರಮ್ಮ. ನಂಗಲ್ಲ.”

ಏಪ್ರಿಲ್ 8, ಬೆಳಿಗ್ಗೆ 8.50

ಮೊದಲ ಕ್ಲಾಸಿಗೆ ಹತ್ತು ನಿಮಿಷ.

“ಪಕ್ಕದಲ್ಲಿ ಕೂರ್ಲಾ?”

“ಬೇಡ.”

“ಬಾಗಿಲ ಹತ್ರ?”

“ಅಮ್ಮಾ, ನೀನು ಕೆಲಸಕ್ಕೆ ಹೋಗು.”

ಬ್ಯಾಗು ಹೆಗಲಿಗೇರಿದೆ. ಹೊರಬಾಗಿಲಲ್ಲಿ ನಿಂತುಕೊಂಡೇ ಗೀಚುತ್ತಿದ್ದೇನೆ. ಹೋಗುತ್ತೇನೆ, ಒಂದು ನಿಮಿಷ.

ಶುರುವಾಯಿತು. ಒಬ್ಬೊಬ್ಬರಾಗಿ ಪರಿಚಯ ಹೇಳುತ್ತಿದ್ದಾರೆ. ಇವಳ ಸರದಿ. ಗಟ್ಟಿಯಾಗಿ, ಅಡುಗೆಮನೆಯಲ್ಲಿರುವ ಅತ್ತೆಗೂ ಕೇಳುವ ಹಾಗೆ. ಹೆಸರು ಹೇಳಿದಳು. ಆಮೇಲೆ, ದನಿಯೂ ತಗ್ಗಿಸದೆ, “ನನ್ನ ಕಿವಿ ಅಷ್ಟು ಕೇಳಿಸಲ್ಲ. ಕೇಳಿಸದಿದ್ರೆ ನಿಮ್ಮನ್ನೇ ಮತ್ತೆ ಕೇಳ್ತೀನಿ” ಅಂದಳು.